ಅರ್ಧ ಪುಸ್ತಕದ ಕೊನೆಯ ಹಾಳೆ

ಗೋಂದಕ್ಕ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಬೆನ್ನು ಕಿತ್ತ ಪುಸ್ತಕಗಳನ್ನು ಓದುಗರು ಈಗಲೂ ಅಭ್ಯಾಸಬಲದಿಂದ ಅವಳ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಗೋಂದಿನ ಬಟ್ಟಲಲ್ಲಿ ಕುಂಚ ನಿಂತಲ್ಲೇ ಒಣಗಿ ಕಲ್ಲಾಗಿದೆ. ಅದನ್ನು ಕಿತ್ತು ಬಿಸಾಡಲು ಯಾರಿಗೂ ಕೈ ಬಂದಿಲ್ಲ.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಆ ವಾಚನಾಲಯದಲ್ಲಿ ಇಪ್ಪತ್ತಾರು ವರ್ಷ ಹರಿದ ಪುಸ್ತಕಗಳನ್ನು ಹೊಲಿದು, ರಟ್ಟು ಹಾಕಿ, ಮತ್ತೆ ಓದುವ ಹಾಗೆ ಮಾಡುವುದು ಅವಳ ಕೆಲಸ. ಬೆರಳ ತುದಿಗಳಲ್ಲಿ ಸದಾ ಒಣಗಿದ ಗೋಂದಿನ ಸಿಪ್ಪೆ. ಅದಕ್ಕೇ ಆ ಹೆಸರು. ತಾನು ಸತ್ತರೆ ಸುಡುವುದೂ ಬೇಡ, ಹೂಳುವುದೂ ಬೇಡ, ಒಳ್ಳೆ ರಟ್ಟು ಹಾಕಿ ಮೇಲಿನ ಶೆಲ್ಫಿನಲ್ಲಿ ಇಟ್ಟುಬಿಡಿ ಎಂದು ತಮಾಷೆ ಮಾಡುತ್ತಿದ್ದಳು. ಆಗ ಎಲ್ಲರೂ ನಗುತ್ತಿದ್ದರು.

ರಿಪೇರಿಯಾದ ಪ್ರತಿ ಪುಸ್ತಕದ ಕೊನೆಗೂ ಅವಳು ಒಂದು ಗೆರೆ ಹಾಳೆ ಅಂಟಿಸುತ್ತಿದ್ದಳು. ಓದಿದವರು ಅನಿಸಿದ್ದನ್ನು ಅಲ್ಲಿ ಬರೆಯಬಹುದು. ಒಂದೇ ನಿಯಮ, ಹೆಸರು ಹಾಕಬಾರದು. ಹೆಸರು ಹಾಕಿದರೆ ಜನ ಹೊಗಳುತ್ತಾರೆ, ಹಾಕದಿದ್ದರೆ ನಿಜ ಬರೆಯುತ್ತಾರೆ ಎಂಬುದು ಅವಳ ಲೆಕ್ಕಾಚಾರ. ಯಾರು ಬರೆದರೆಂದು ತಾನೂ ಹುಡುಕುವುದಿಲ್ಲ ಎಂದು ಮೇಜಿನ ಮೇಲೆ ಚೀಟಿ ಅಂಟಿಸಿದ್ದಳು. ಪುಸ್ತಕ ಹಿಂದಕ್ಕೆ ಬಂದ ತಕ್ಷಣ ಅವಳು ಮೊದಲು ತೆರೆಯುತ್ತಿದ್ದದ್ದು ಆ ಹಾಳೆಯನ್ನೇ. ಅದಕ್ಕೆ ಒಂದು ಕಾರಣವಿತ್ತು. ಅದನ್ನು ಅವಳು ಯಾರಿಗಾದರೂ ಹೇಳಿದ್ದರೆ ಒಮ್ಮೆಯೋ ಎರಡು ಸಲವೋ ಇರಬೇಕು. ಅವಳ ತಂಗಿ ಹದಿನೇಳನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಹಾಸಿಗೆ ಮಡಿಚಿಟ್ಟು ಮನೆಯಿಂದ ಹೋದವಳು ತಿರುಗಿ ಬರಲಿಲ್ಲ. ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದಳು. ಮನೆಯವರು ಅದನ್ನು ನೋಡಿದ್ದು ಹನ್ನೊಂದು ದಿನದ ನಂತರ.

ಕೆಲವು ವರ್ಷಗಳ ಹಿಂದೆ ವಾಚನಾಲಯದಲ್ಲಿ ಒಂದು ಕಾದಂಬರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಹದಿಹರೆಯದವರಿಗೆಂದು ಬರೆದದ್ದು, ಬರುವ ಕಾಲದ ಒಂದು ನಗರದ ಕಥೆ. ಅಲ್ಲಿ ಹದಿನಾರು ತುಂಬಿದ ಪ್ರತಿ ಮಗುವನ್ನೂ ಒಂದು ಬೂದು ಬಾಗಿಲಿನ ಮುಂದೆ ನಿಲ್ಲಿಸುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದವರು ಬಾಗಿಲು ದಾಟಬೇಕು. ದಾಟಿದವರನ್ನು ಮತ್ತೆ ಕಂಡವರಿಲ್ಲ. ಆರುನೂರು ಪುಟದ ಪುಸ್ತಕ, ಇರುವುದು ಒಂದೇ ಪ್ರತಿ, ಕಾಯುವವರು ಹತ್ತಾರು ಜನ. ಇಂಥ ದಪ್ಪ ಪುಸ್ತಕಗಳಿಗೆ ಗೋಂದಕ್ಕ ತನ್ನದೇ ಉಪಾಯ ಕಂಡುಕೊಂಡಿದ್ದಳು. ಬೆನ್ನು ಬಿಚ್ಚಿ, ಒಂದು ಅಧ್ಯಾಯ ಮುಗಿಯುವ ಕಡೆ ಎರಡು ತುಂಡು ಮಾಡಿ, ಎರಡಕ್ಕೂ ಬೇರೆ ಬೇರೆ ರಟ್ಟು ಹಾಕುವುದು. ಏಕಕಾಲಕ್ಕೆ ಇಬ್ಬರು ಓದಬಹುದು, ಸಾಲು ಬೇಗ ಕರಗುತ್ತದೆ. ಇದನ್ನೂ ಹಾಗೆಯೇ ಮಾಡಿದಳು. ಭಾಗ ಒಂದು, ಭಾಗ ಎರಡು ಎಂದು ಅಂಟಿಸುವ ಲೇಬಲ್ ಖಾಲಿಯಾಗಿತ್ತು. ಅದು ಬರುವ ತನಕ ಪುಸ್ತಕ ಒಯ್ಯುವವರಿಗೆಲ್ಲ, ಇನ್ನರ್ಧ ಇದೆ, ಮರೆಯಬೇಡಿ ಎಂದು ಬಾಯಲ್ಲೇ ಹೇಳುತ್ತಿದ್ದಳು.

ಅಭಿಪ್ರಾಯಗಳು ಬಂದವು. ಬಸ್ ಸ್ಟಾಪಿನಲ್ಲಿ ಓದಲು ಕೂತು ಎರಡು ಬಸ್ಸು ತಪ್ಪಿಸಿಕೊಂಡೆ ಎಂದು ಒಬ್ಬರು ಬರೆದಿದ್ದರು. ಮಕ್ಕಳ ಪುಸ್ತಕದಲ್ಲಿ ಇಷ್ಟು ಕತ್ತಲೆ ಯಾಕೆ, ಒಂದು ದೀಪವಾದರೂ ಹಚ್ಚಬಾರದಿತ್ತೇ ಎಂದು ಇನ್ನೊಬ್ಬರು. ಇದನ್ನು ಓದಿದ ಮೇಲೆ ನನ್ನ ಮಗ ಹೇಳಿದ ಕೆಲಸ ಮಾಡುತ್ತಿಲ್ಲ, 'ಪಟ್ಟಿ ತೋರಿಸು' ಅನ್ನುತ್ತಾನೆ ಎಂದು ಒಬ್ಬ ತಾಯಿ. ಗೋಂದಕ್ಕ ಅವನ್ನೆಲ್ಲ ವಾಚನಾಲಯದ ಮೇಲ್ವಿಚಾರಕರಿಗೆ ಓದಿ ಹೇಳಿ ನಗುತ್ತಿದ್ದಳು.

ಹತ್ತೊಂಬತ್ತನೇ ತಾರೀಖಿನ ಮಧ್ಯಾಹ್ನ ಮೊದಲ ಅರ್ಧ ಹಿಂದಕ್ಕೆ ಬಂದಿತ್ತು. ಯಾರು ಯಾವಾಗ ತಂದಿಟ್ಟರೋ ಅವಳು ನೋಡಿರಲಿಲ್ಲ. ಕೊನೆ ತೆರೆದಳು. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ, ಒತ್ತಿ ಬರೆದ ಸಣ್ಣ ಅಕ್ಷರ:

'ಕೊನೆ ತುಂಬ ಇಷ್ಟವಾಯಿತು. ಬಾಗಿಲಾಚೆ ಹೋದ ಮೇಲೆ ಭಯ ಇರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಇಪ್ಪತ್ತೆರಡಕ್ಕೆ ನನಗೂ ಹದಿನಾರು. ನಾನೂ ಹೋಗುತ್ತೇನೆ. ಮನೆಯಲ್ಲಿ ತಿಳಿಯಬಾರದು.'

ಗೋಂದಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಎದುರಿನ ಪುಟ ನೋಡಿದಳು. ಹುಡುಗಿ ಬಾಗಿಲು ದಾಟುತ್ತಾಳೆ, ಬಾಗಿಲು ಅವಳ ಹಿಂದೆ ಮುಚ್ಚಿಕೊಳ್ಳುತ್ತದೆ, ಅವಳಿಗೆ ಇನ್ನು ಭಯವಿರಲಿಲ್ಲ ಎಂದು ಅಧ್ಯಾಯ ಮುಗಿಯುತ್ತದೆ. ಅದು ಅವಳೇ ಕತ್ತರಿಸಿದ ಜಾಗ. ಕೈಯ ಅಭ್ಯಾಸದಲ್ಲಿ ಅರ್ಧ ಪುಸ್ತಕದ ಕೊನೆಗೂ ಅಭಿಪ್ರಾಯದ ಹಾಳೆ ಅಂಟಿಸಿಬಿಟ್ಟಿದ್ದಳು. ಹಾಳೆ ಇದೆ ಎಂದರೆ ಕಥೆ ಮುಗಿಯಿತು ಎಂದೇ ಯಾರಾದರೂ ತಿಳಿಯುವುದು. ಎರಡನೇ ಅರ್ಧದಲ್ಲಿ ಆ ಹುಡುಗಿ ಅಲ್ಲಿಂದ ಹೊರಗೆ ಬರುತ್ತಾಳೆ. ಒಬ್ಬಳೇ ಅಲ್ಲ, ಹಿಂದೆ ಹೋದವರನ್ನೂ ಕರೆದುಕೊಂಡು. ಈ ಮಗುವಿಗೆ ಅದು ಗೊತ್ತೇ ಇಲ್ಲ.

ಗೋಂದಕ್ಕ ಸೀದಾ ಮೇಲ್ವಿಚಾರಕರ ಮೇಜಿಗೆ ಹೋಗಿ ಹಾಳೆ ತೋರಿಸಿದಳು. ಮಕ್ಕಳು ಏನೇನೋ ಬರೆಯುತ್ತಾರೆ, ನಾನು ಆ ವಯಸ್ಸಿನಲ್ಲಿ ಸನ್ಯಾಸಿಯಾಗುತ್ತೇನೆ ಎಂದು ಬರೆದಿದ್ದೆ ಎಂದರು ಅವರು. ಅವಳು ನಗಲಿಲ್ಲ.

"ಹೋದ ವಾರ ನಾನು ಕಣ್ಣಿನ ಡಾಕ್ಟರ ಹತ್ರ ಹೋಗಿದ್ನಲ್ಲ, ಆವತ್ತು ಇದನ್ನ ಕೊಟ್ಟೋರು ನೀವು," ಎಂದಳು. "ಇನ್ನರ್ಧ ಇದೆ ಅಂತ ಹೇಳಿದ್ರಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಕ್ಕ. ನಂಗೇ ನೆನಪಿರ್ಲಿಲ್ಲ. ಆವತ್ತು ಜನ ತುಂಬಿದ್ರು, ಯಾರಿಗೆ ಕೊಟ್ಟೆ ಅನ್ನೋದೂ ನೆನಪಿಲ್ಲ."

ಎರವಲು ಚೀಟಿಗಳು ಅವರ ಡ್ರಾಯರಿನಲ್ಲಿ ಬೀಗದೊಳಗಿದ್ದವು. ಕೀ ಕೊಡುವ ಮುಂಚೆ ಅವರು ಅವಳ ಮೇಜಿನ ಮೇಲಿನ 'ಹುಡುಕುವುದಿಲ್ಲ' ಎಂಬ ಚೀಟಿಯತ್ತ ನೋಡಿದರು. ಅವಳೂ ನೋಡಿದಳು. ಇಷ್ಟು ವರ್ಷ ಉಳಿಸಿಕೊಂಡ ಮಾತು. ಕೀ ತೆಗೆದುಕೊಂಡಳು.

ಆ ದಿನದ ಎರವಲಿನ ದಾಖಲೆಯೇ ಅರೆಬರೆಯಾಗಿತ್ತು, ತಾರೀಖುಗಳು ಕಲಸಿಹೋಗಿದ್ದವು. ಮೊದಲ ಅರ್ಧ ಒಯ್ದು ಎರಡನೆಯದನ್ನು ಮುಟ್ಟದವರು ಮೂವರು ಸಿಕ್ಕರು. ಮನೆಗೆ ಹೋಗಿ ಏನು ಕೇಳುವುದು? ನಿಮ್ಮಲ್ಲಿ ಯಾರಾದರೂ ಹೀಗೆ ಬರೆದಿದ್ದೀರಾ ಎಂದು ಕೇಳಿದರೆ ಮನೆಯವರಿಗೆ ಗೊತ್ತಾಗುತ್ತದೆ. ಗೊತ್ತಾಗಬಾರದು ಎಂದೇ ಆ ಮಗು ಬರೆದಿದೆ. ಇಲಿಗೆ ಹೆದರಿ ಮನೆಗೇ ಬೆಂಕಿ ಇಟ್ಟ ಹಾಗಾದರೆ? ರಾತ್ರಿಯಿಡೀ ಯೋಚಿಸಿದರೂ ಅವಳಿಗೆ ಹೊಳೆದದ್ದು ಒಂದೇ ದಾರಿ. ತಪ್ಪು ತನ್ನದು ಎಂದು ಹೇಳುವುದು. ಅದು ನಿಜವೂ ಆಗಿತ್ತು.

ಇಪ್ಪತ್ತನೇ ತಾರೀಖು ಎರಡನೇ ಅರ್ಧವನ್ನು ಚೀಲದಲ್ಲಿ ಹಾಕಿಕೊಂಡು ಹೊರಟಳು. ಮೊದಲ ಮನೆ ನಿವೃತ್ತ ಕಂಪೌಂಡರರದು. ಮೂವತ್ತು ಪುಟಕ್ಕೇ ಎದೆ ಹೊಡೆದುಕೊಂಡಿತು, ನನ್ನ ಬಿಪಿಗೆ ಈ ಕಥೆ ಆಗುವುದಿಲ್ಲ, ಫ್ರಿಜ್ಜಿನ ಮೇಲಿಟ್ಟು ಹಾಗೇ ವಾಪಸ್ಸು ಕೊಟ್ಟೆ ಎಂದರು. ಎರಡನೇ ಮನೆಯ ಹುಡುಗ ಹದಿನೆಂಟರವನು. ಪರೀಕ್ಷೆ ಮುಗಿಯಲಿ, ಆಮೇಲೆ ಮಿಕ್ಕದ್ದು ಎಂದ. ರಶೀದಿ ಪುಸ್ತಕದಲ್ಲಿ ಅವನ ಸಹಿ ಹಾಕಿಸಿಕೊಂಡಳು. ಅಕ್ಷರ ಇರುವೆ ಕಾಲೆಳೆದ ಹಾಗಿತ್ತು, ಅದಲ್ಲ.

ಮೂರನೇ ಮನೆ ಡ್ರೈಕ್ಲೀನಿಂಗ್ ಅಂಗಡಿಯ ಹಿಂದೆ. ಬಾಗಿಲು ತೆಗೆದ ಹೆಂಗಸಿನ ಬೆನ್ನ ಹಿಂದೆ, ಬಟ್ಟೆಗಳ ರಾಶಿಯ ನಡುವೆ, ಒಬ್ಬ ಹುಡುಗಿ ಅಂಗಿಗಳಿಗೆ ನಂಬರ್ ಚೀಟಿ ಚುಚ್ಚುತ್ತ ಕೂತಿದ್ದಳು. ಕಿವಿಯ ಮೇಲೆ ಪೆನ್ಸಿಲು.

ಗೋಂದಕ್ಕ, ವಾಚನಾಲಯದಿಂದ ಬಂದೆ, ಒಂದು ಪುಸ್ತಕ ಅರ್ಧ ಮಾತ್ರ ಬಂದಿತ್ತು ಎಂದಳು.

"ಇವಳಿಗೆ ಇನ್ನು ಪುಸ್ತಕ ಯಾಕೆ," ಎಂದಳು ಹೆಂಗಸು. ಅವಳು ಹುಡುಗಿಯ ದೊಡ್ಡಮ್ಮ. "ನಾಡಿದ್ದು ಹದಿನಾರು ತುಂಬುತ್ತೆ. ಸೋಮವಾರ ಗಾರ್ಮೆಂಟ್ಸ್ ಹಾಸ್ಟೆಲ್ಲಿಗೆ ಕಳಿಸ್ತೀವಿ. ಅವರಪ್ಪ ಅಮ್ಮ ಇದ್ದಿದ್ರೆ ಓದಿಸ್ತಿದ್ರೋ ಏನೋ. ನಮ್ಗೂ ನಾಲ್ಕು ಮಕ್ಕಳಿವೆ."

ಹುಡುಗಿ ತಲೆ ಎತ್ತಲಿಲ್ಲ. ಗೋಂದಕ್ಕ ಪುಸ್ತಕವನ್ನು ದೊಡ್ಡಮ್ಮನ ಕೈಗೆ ಕೊಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ನಡೆದು, ಅಂಗಿಗಳ ರಾಶಿಯ ಮೇಲೆ ಇಟ್ಟಳು.

"ಕಥೆ ಅಲ್ಲಿಗೆ ಮುಗಿದಿಲ್ಲ ಮಗಳೇ. ಕತ್ತರಿಸಿದ್ದು ನಾನು. ತಪ್ಪು ನಂದು."

ಹುಡುಗಿ ಪುಸ್ತಕವನ್ನು ನೋಡಿದಳು. "ಮುಗೀತು ಅಂದ್ಕೊಂಡಿದ್ದೆ," ಎಂದಳು.

ಇಪ್ಪತ್ತೊಂದರಂದು ಮೇಲ್ವಿಚಾರಕರು ಹುಡುಗಿಯ ಶಾಲೆಗೆ ಫೋನ್ ಮಾಡಿ ಅವಳ ಟೀಚರಿಗೆ ಎಲ್ಲ ಹೇಳಿದರು. ನಾಳೆ ಇಡೀ ದಿನ ಅವಳನ್ನು ನನ್ನ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ, ಸಂಜೆ ನಾನೇ ಮನೆಗೆ ಹೋಗಿ ಮಾತಾಡುತ್ತೇನೆ ಎಂದು ಟೀಚರು ಮಾತು ಕೊಟ್ಟರು. ಗೋಂದಕ್ಕನಿಗೆ ಸ್ವಲ್ಪ ಉಸಿರು ಬಂತು.

ಇಪ್ಪತ್ತೆರಡರ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಹುಡುಗಿ ಶಾಲೆಗೆ ಬಂದಿರಲಿಲ್ಲ.

ಗೋಂದಕ್ಕ ಕುಂಚವನ್ನು ಬಟ್ಟಲಲ್ಲಿ ಬಿಟ್ಟು ಎದ್ದಳು. ಮೇಲ್ವಿಚಾರಕರು ಪೊಲೀಸಿಗೆ ಹೇಳುತ್ತೇನೆ ಎಂದು ಫೋನ್ ಹಿಡಿದುಕೊಂಡರು. ಅವಳು ಮೆಟ್ಟಿಲಿಳಿದು ಓಡಿದಳು. ಐವತ್ತೆಂಟರ ಮಂಡಿ ಎರಡೂ ಕಟಕಟ ಅನ್ನುತ್ತಿದ್ದವು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ದೊಡ್ಡಪ್ಪ ಇಸ್ತ್ರಿ ಹಾಕುತ್ತಿದ್ದವನು, ಶಾಲೆಗೆ ಹೋದಳಲ್ಲ, ದೊಡ್ಡ ಚೀಲ ತಗೊಂಡು ಹೋದಳು ಎಂದ. ದೊಡ್ಡಮ್ಮ ಒಳಗೆ ಹೋಗಿ ನೋಡಿ ಬಂದು ಬಾಯಿಗೆ ಸೆರಗು ಒತ್ತಿಕೊಂಡಳು. ಹಾಸಿಗೆ ಮಡಿಚಿಟ್ಟಿತ್ತು.

ಮಡಿಚಿಟ್ಟ ಹಾಸಿಗೆ. ಗೋಂದಕ್ಕನ ಕಣ್ಣಿಗೆ ಒಂದು ಕ್ಷಣ ಬೇರೆ ಮನೆ, ಬೇರೆ ಬೆಳಿಗ್ಗೆ ಬಂದು ನಿಂತಿತು. ಬಸ್ ನಿಲ್ದಾಣ ನೋಡಿದಳು. ಸೇತುವೆ ನೋಡಿದಳು. ಸೇತುವೆಯ ಮೇಲೆ ಒಬ್ಬ ಮುದುಕ ಕಡಲೆಕಾಯಿ ತಿನ್ನುತ್ತಿದ್ದ. ಹುಡುಗಿಯನ್ನು ಕಂಡಿರಾ ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ. ರೈಲು ಗೇಟಿನವನೂ ಇಲ್ಲ ಎಂದ. ಕೆಳಗೆ ನೀರನ್ನು ನೋಡುವ ಧೈರ್ಯ ಮಾತ್ರ ಅವಳಿಗೆ ಆಗಲಿಲ್ಲ.

ಪೊಲೀಸರು ಬಂದಿದ್ದಾರೋ ಕೇಳೋಣವೆಂದು ವಾಚನಾಲಯಕ್ಕೆ ಹಿಂದಿರುಗಿದಳು. ಸೈಕಲ್ ಅಂಗಡಿಯ ಪಕ್ಕದ ಮೆಟ್ಟಿಲಿನ ಕಟಾಂಜನದ ಕಂಬಿ ಹಿಡಿದು ಮೇಲೆ ನೋಡಿದಳು. ಆಗ ಕಂಡಿತು. ಮೆಟ್ಟಿಲು ತಿರುಗುವ ಕಡೆ, ವಾಚನಾಲಯಕ್ಕೆ ಬರುವವರು ಚಪ್ಪಲಿ ಬಿಡುವ ಮೂಲೆಯಲ್ಲಿ, ಉಬ್ಬಿದ ಚೀಲ ಪಕ್ಕಕ್ಕಿಟ್ಟು, ಮೊಣಕಾಲ ಮೇಲೆ ಎರಡನೇ ಅರ್ಧ ತೆರೆದುಕೊಂಡು ಹುಡುಗಿ ಕೂತಿದ್ದಳು.

ಗೋಂದಕ್ಕ ಅಲ್ಲಿಯವರೆಗೆ ಹತ್ತಿ ಹೋಗಿ ಕೇಳಿದಳು.

"ಎಲ್ಲಿಗೆ ಹೊರಟಿದ್ದೆ?"

"ಗೊತ್ತಿಲ್ಲ." ಹುಡುಗಿ ಪುಟದಿಂದ ಕಣ್ಣೆತ್ತಲಿಲ್ಲ. "ಹೋಗೋಕೆ ಮುಂಚೆ ಪುಸ್ತಕ ವಾಪಸ್ಸು ಕೊಡೋಣ ಅಂತ ಬಂದೆ. ಮುಗಿದಿರ್ಲಿಲ್ಲ. ಇನ್ನೂ ನೂರು ಪುಟ ಇದೆ."

"ಓದು."

"ಅವಳು ಹೊರಗೆ ಬರ್ತಾಳಾ?"

"ನಾನ್ಯಾಕೆ ಹೇಳ್ಲಿ. ಓದು."

ಗೋಂದಕ್ಕ ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ಅಡ್ಡಲಾಗಿ ಕೂತಳು, ಅವಳನ್ನು ದಾಟದೆ ಯಾರೂ ಬೀದಿಗೆ ಇಳಿಯುವಂತಿರಲಿಲ್ಲ. ಮೇಲ್ವಿಚಾರಕರು ಬಂದು ಇಣುಕಿದರು. ಬೆರಳಲ್ಲೇ ಸನ್ನೆ ಮಾಡಿ ಕಳಿಸಿದಳು. ಪೊಲೀಸಿಗೂ ಮನೆಗೂ ತಿಳಿಸಿ ಅವರು ಮೇಲಿಂದ ಎರಡು ಲೋಟ ಟೀ ತಂದಿಟ್ಟು ಹೋದರು. ಪುಟ ತಿರುಗುವ ಸದ್ದು ಬಿಟ್ಟರೆ ಕೆಳಗಿನ ಅಂಗಡಿಯವನು ಟ್ಯೂಬಿಗೆ ಗಾಳಿ ಹಾಕುವ ಸದ್ದು. ಒಂದು ಸಲ ಪುಟ ತಿರುಗುವುದು ತಡವಾಯಿತು. ಗೋಂದಕ್ಕ ತಟ್ಟನೆ ತಿರುಗಿ ನೋಡಿದಳು. ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು, ಅಷ್ಟೇ.

ಮಧ್ಯಾಹ್ನ ಎರಡರ ಹೊತ್ತಿಗೆ ಓದಿ ಮುಗಿಸಿದಳು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಕೊನೆಯ ಹಾಳೆಯ ಮೇಲೆ ಬಗ್ಗಿ ಬರೆದು ಪುಸ್ತಕ ಮುಚ್ಚಿ ಕೊಟ್ಟಳು.

'ಎರಡನೇ ಭಾಗ ಮೊದಲನೆಯದರಷ್ಟು ಚೆನ್ನಾಗಿಲ್ಲ. ಎಲ್ಲ ಬೇಗ ಬೇಗ ಸರಿಹೋಗುತ್ತದೆ. ಆದರೂ ಅವಳು ವಾಪಸ್ಸು ಬಂದದ್ದು ಒಳ್ಳೆಯದಾಯಿತು.'

ಅದನ್ನು ಓದಿ ಗೋಂದಕ್ಕ ನಕ್ಕಳು. ನಗುತ್ತಲೇ ಅಳು ಬಂತು. ಆಮೇಲೆ ಮೆಟ್ಟಿಲಿನಿಂದ ಏಳಲು ಹುಡುಗಿಯೇ ಕೈ ಹಿಡಿಯಬೇಕಾಯಿತು.

ಹುಡುಗಿ ಹೇಳಿದ್ದು ಸರಿ, ನಿಜದಲ್ಲಿ ಏನೂ ಬೇಗ ಬೇಗ ಸರಿಹೋಗಲಿಲ್ಲ. ಟೀಚರು ನಾಲ್ಕು ಸಲ ಆ ಮನೆಗೆ ಹೋದರು. ದೊಡ್ಡಪ್ಪ ರೇಗಿದ, ಅತ್ತ, ಮತ್ತೆ ರೇಗಿದ. ಹಾಸ್ಟೆಲ್ಲಿಗೆ ಕಳಿಸುವುದು ಮೊದಲು ಒಂದು ತಿಂಗಳು ಮುಂದಕ್ಕೆ ಹೋಯಿತು, ಆಮೇಲೆ ಒಂದು ವರ್ಷ, ಆಮೇಲೆ ಅದರ ಮಾತೇ ನಿಂತಿತು. ದಿನಾ ಶಾಲೆ ಬಿಟ್ಟ ಮೇಲೆ ಸಂಜೆಯ ಹೊತ್ತು ಹುಡುಗಿ ಬಂದು ಗೋಂದಕ್ಕನ ಪಕ್ಕದಲ್ಲಿ ಕೂತು ದಬ್ಬಣಕ್ಕೆ ದಾರ ಪೋಣಿಸಿ ಕೊಡುತ್ತಿದ್ದಳು. ಆ ಮಗು ಒಂದು ದಿನ ತಡವಾದರೆ ಗೋಂದಕ್ಕ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಆ ಭಯ ಅವಳನ್ನು ಕೊನೆಯವರೆಗೂ ಬಿಡಲಿಲ್ಲ.

ಅಲ್ಲಿಂದ ಮುಂದೆ ಅವಳು ಯಾವ ಪುಸ್ತಕವನ್ನೂ ತುಂಡು ಮಾಡಲಿಲ್ಲ. ಸಾಲು ಎಷ್ಟು ಉದ್ದವಾದರೂ ಕಾಯಿರಿ ಎನ್ನುತ್ತಿದ್ದಳು. ಆ ಕಾದಂಬರಿಯ ಎರಡೂ ಅರ್ಧಗಳನ್ನು ಸೇರಿಸಿ ಮತ್ತೆ ಹೊಲಿದಳು. ಮೊದಲ ಅರ್ಧದ ಅಭಿಪ್ರಾಯದ ಹಾಳೆಯನ್ನು ಕಿತ್ತುಬಿಡಲೇ ಎಂದು ಹುಡುಗಿಯನ್ನೇ ಕೇಳಿದ್ದಳಂತೆ. ಇರಲಿ ಎಂದಳಂತೆ ಅವಳು. ಆದ್ದರಿಂದ ಆ ಹಾಳೆ ಈಗಲೂ ಪುಸ್ತಕದ ನಟ್ಟನಡುವೆ ಇದೆ. ಪೆನ್ಸಿಲಿನ ಸಾಲುಗಳ ಕೆಳಗೆ ಗೋಂದಕ್ಕನ ದುಂಡನೆಯ ಅಕ್ಷರದಲ್ಲಿ 'ಮುಂದೆ ಇದೆ' ಎಂದಿದೆ. ಅವಳು ರಟ್ಟು ಹಾಕಿದ ಸಾವಿರಾರು ಪುಸ್ತಕಗಳಲ್ಲಿ ಹೊಲಿಗೆ ಓರೆಯಾದದ್ದು ಅಲ್ಲೊಂದೇ ಕಡೆ.