ಕಾಳಿ ಒಪ್ಪಿಕೊಂಡ ಮರಿ

ಬೆಳಗಿನಿಂದ ಮನೆಯೆಲ್ಲ ಪೌಡರಿನ ಘಮ. ಗೇಟಿನ ಬಳಿ ಸಿಕ್ಕ ಬೆಕ್ಕಿನ ಮರಿಗೆ ಮಗಳು ಸ್ನಾನ ಮಾಡಿಸಿ, ಮೈತುಂಬ ಪೌಡರ್ ಬಳಿದು ತಂದಿದ್ದಾಳೆ. ನಮ್ಮ ಮನೆಯ ಮುದಿ ಬೆಕ್ಕು ಮಂಚದ ಕೆಳಗಿನಿಂದ ಬುಸುಗುಡುತ್ತಿದೆ. ಮಗಳನ್ನು ಬೈಯಲು ನನಗೆ ಬಾಯಿಲ್ಲ. ಹನ್ನೆರಡು ವರ್ಷದ ಹಿಂದೆ ಇದೇ ಎಡವಟ್ಟನ್ನು ನಾನೇ ಮಾಡಿದ್ದೆ.

ಆಗ ನಾನು ಪೀಣ್ಯದಲ್ಲಿ ಕಬ್ಬಿಣ ಕಡೆಯುವ ಒಂದು ಸಣ್ಣ ಲೇತ್ ಶೆಡ್ಡಿನಲ್ಲಿ ಬಿಡಿಭಾಗಗಳ ಅಳತೆ ನೋಡುತ್ತಿದ್ದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುತ್ತೇನೆಂಬ ಜಂಬ ಬೇರೆ. ಶೆಡ್ಡಿನ ಯಜಮಾನಿಕೆ ಮಾತ್ರ ಕಾಳಿಯದು. ಇಲಿ ಹಿಡಿಯಲೆಂದು ಬಂದು, ಓನರ್ ಕುರ್ಚಿಯಲ್ಲೇ ಮಲಗುವಷ್ಟು ಮುಂದುವರಿದ ಬೆಕ್ಕು ಅದು. ಮೋರಿಯಲ್ಲಿ ಸಿಕ್ಕ ಮರಿಯೊಂದನ್ನು ನಾನು ನಿಂಬೆ ವಾಸನೆಯ ಸೋಪಿನಲ್ಲಿ ತಿಕ್ಕಿ ತೊಳೆದು ಅದರ ಮುಂದೆ ಬಿಟ್ಟೆ. ಕಾಳಿ ಒಂದೇ ಏಟಿಗೆ ಮರಿಯನ್ನು ಪರಚಿತು.

"ಶನಿವಾರದವರೆಗೂ ನೋಡ್ತೀನಿ ಕಣಮ್ಮ. ಹೊಂದ್ಕೊಳ್ಳಲಿಲ್ಲ ಅಂದ್ರೆ ಮರಿ ಆಚೆ," ಎಂದರು ಓನರ್.

ಆಚೆ ಎಂದರೆ ಲಾರಿಗಳು ಓಡಾಡುವ ರಸ್ತೆ. ಅಂಗೈಯಷ್ಟಿದ್ದ ಮರಿ ಅಲ್ಲಿ ಒಂದು ದಿನವೂ ಉಳಿಯುತ್ತಿರಲಿಲ್ಲ. ನನಗೆ ಹಟ ಬಂತು. ಕಾಳಿಗೆ ಕೊಬ್ಬು ಎಂದು ಶೆಡ್ಡಿಗೆಲ್ಲ ಸಾರಿದೆ.

ಗದಗ ಕಡೆಯ ಹಿರಿಯ ಟರ್ನರ್ ಬಸಣ್ಣ ಲೇತ್ ನಿಲ್ಲಿಸಿ ನಕ್ಕರು. "ತಪ್ಪು ಕಾಳೀದಲ್ರಿ ಅಕ್ಕಾರ, ನಿಮ್ಮ ಸಬಕಾರದ್ದು. ಇಲ್ಲಿ ನಾವೆಲ್ಲಾ ಎಣ್ಣಿ ನಾರ್ತೀವಿ. ಇದೊಂದ ಮದುವಿ ಮನಿಯಿಂದ ಬಂದಂಗ ಘಮಾ ಅನ್ನಾಕತ್ತೈತಿ!"

ನಿಮಗೆ ನಗು ಬರಬಹುದು, ನನಗೆ ನಾಚಿಕೆಯಾಯಿತು. ಕೈ ಒರೆಸಲು ತರಿಸುವ ಹಳೆಯ ಬನಿಯನ್ ಬಟ್ಟೆಗಳ ಮೂಟೆಯೇ ಕಾಳಿಯ ಹಾಸಿಗೆ. ವಾಸನೆ ಬೆರೆಯಲೆಂದು ಅದು ಮಲಗಿದ್ದ ತುಂಡನ್ನು ಮರಿಯ ಪೆಟ್ಟಿಗೆಗೆ, ಮರಿ ಮಲಗಿದ್ದ ತುಂಡನ್ನು ಮೂಟೆಗೆ ದಿನವೂ ಬದಲಾಯಿಸಿದೆ. ನಡುವೆ ಜಾಲರಿ ನಿಲ್ಲಿಸಿ ಎರಡಕ್ಕೂ ಹಾಲಿಟ್ಟೆ. ಅಳತೆಯವಳಲ್ಲವೆ, ತಟ್ಟೆಗಳನ್ನು ದಿನಕ್ಕೆ ಒಂದೇ ಗೇಣು ಹತ್ತಿರ ಸರಿಸಿದೆ. ಶುಕ್ರವಾರ ಜಾಲರಿ ತೆಗೆದಾಗಲೂ ಕಾಳಿ ಗುರುಗುಟ್ಟಿತು, ಆದರೆ ಕೈ ಎತ್ತಲಿಲ್ಲ.

ಶನಿವಾರ ಓನರ್ ಬಂದಾಗ ಕಾಳಿ ಅವರ ಕುರ್ಚಿಯಲ್ಲಿ ಮಲಗಿತ್ತು. ಅದರ ಹೊಟ್ಟೆಗೊತ್ತಿಕೊಂಡು ಮರಿ. ಅವರು ಕುರ್ಚಿಯ ಸುತ್ತ ಒಂದು ಸುತ್ತು ಬಂದರು.

"ಈಗ ನಾನೆಲ್ಲಮ್ಮ ಕೂತ್ಕೊಳ್ಳೋದು?"

ನಾನು ಅತ್ತೇಬಿಟ್ಟೆ.

ಕೆಲವು ವರ್ಷಗಳ ನಂತರ ಶೆಡ್ಡನ್ನೇ ಮುಚ್ಚುವ ಹೊತ್ತಿಗೆ ಕಾಳಿ ಬದುಕಿರಲಿಲ್ಲ. ಅಷ್ಟರಲ್ಲಿ ದೊಡ್ಡದಾಗಿದ್ದ ಮರಿಯನ್ನು ದಾಸರಹಳ್ಳಿಯ ಮನೆಗೆ ತಂದುಕೊಂಡೆ. ಈಗ ಮಂಚದ ಕೆಳಗೆ ಬುಸುಗುಡುತ್ತಿರುವ ಮುದುಕಿ ಅದೇ ಮರಿ. ಈ ಸಲ ಅದಕ್ಕೆ ಕೊಬ್ಬು ಎನ್ನಲು ನನಗೆ ಮನಸ್ಸು ಬರಲಿಲ್ಲ. ಮಂಡಿಯೂರಿ ಬಗ್ಗಿ ನೋಡಿದೆ.

"ಶನಿವಾರ ಗಿನಿವಾರ ಏನೂ ಇಲ್ಲ ಕಣೇ. ಎಷ್ಟು ದಿನ ಬೇಕೋ ತಗೋ. ಮರಿ ಮಾತ್ರ ಎಲ್ಲೂ ಹೋಗಲ್ಲ."