ಹಿಂದಿನ ಸೀಟಿನ ತೀರ್ಪು

ಮುಂಬಯಿಯ ವಿಲೆ ಪಾರ್ಲೆಯಲ್ಲಿರುವ ನಮ್ಮ ಕಾರ್ ಶೋರೂಮಿಗೆ ಉಡುಪಿ ಕಡೆಯ ಹೋಟೆಲ್ ಮಾಲೀಕರೊಬ್ಬರು ಬಂದರು. ದುಬಾರಿ ಸೆಡಾನ್ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಸ್ಟೀರಿಂಗ್ ಮುಂದೆ ತಾವೇ ಕೂತು, ತಮ್ಮ ಡ್ರೈವರ್ ಬಸಪ್ಪನಿಗೆ, "ಪಿಕಪ್ ನಾನು ನೋಡ್ತೇನೆ. ಹಿಂದೆ ಕೂತವರಿಗೆ ಆರಾಮ ಉಂಟಾ ಅಂತ ನೀನು ಹೇಳು ಮಾರಾಯ" ಎಂದರು.

ಹಿಂದಿನ ಸೀಟಿನಲ್ಲಿ ಎಂದೂ ಕೂರದ ಬಸಪ್ಪ ಚಪ್ಪಲಿ ಹೊರಗೇ ಬಿಟ್ಟು ಹತ್ತಿದ. ನಾನು ಮಾಲೀಕರ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಎಂಜಿನ್ ಹೊಗಳುತ್ತಿದ್ದೆ. ತಿರುಗಿ ನೋಡಿದರೆ ಅವನು ಎರಡೂ ಕೈಯಲ್ಲಿ ಹಿಡಿಕೆಗೆ ಜೋತುಬಿದ್ದಿದ್ದ.

ಎರಡೂ ಕಾರಿನಲ್ಲಿ ಸುತ್ತಿ ಬಂದ ಮೇಲೆ ಮಾಲೀಕರು ಕೇಳಿದರು, "ಯಾವುದು ಒಳ್ಳೇದು?"

"ಎರಡೂ ಗಾಡಿ ಭಾಳ ಚಲೋ ಅದಾವ್ರಿ ಸೇಠ್," ಎಂದ ಬಸಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಡ್ರೈವರ್ ಒಬ್ಬರನ್ನಷ್ಟ ಬದಲಿ ಮಾಡ್ರಿ."

ನಾನು ಬ್ರೋಷರಿನಲ್ಲಿ ಮುಖ ಮುಚ್ಚಿಕೊಂಡೆ. ಮಾಲೀಕರು ಗೊಳ್ಳೆಂದು ನಕ್ಕು ಎರಡನೆಯದನ್ನು ಬುಕ್ ಮಾಡಿದರು. ಡೆಲಿವರಿ ದಿನ ಕೀ ಯಾರಿಗೆ ಕೊಡಲಿ ಎಂದು ನಾನು ಕೇಳಲಿಲ್ಲ. ಮಾಲೀಕರಾಗಲೇ ಹಿಂದಿನ ಸೀಟಿಗೆ ಹೋಗಿ ಕೂತಿದ್ದರು.