ಕೊನೆಯ ಸೈಟು ಮಾರುವವರೆಗೆ ಬಂದ ಬಸ್ಸು

ಮೊನ್ನೆ ಸದಾಶಿವನಗರದ ಒಂದು ಗೃಹಪ್ರವೇಶದಲ್ಲಿ ಎಲೆಗೆ ಪುಳಿಯೋಗರೆ ಬಡಿಸಿದರು. ಆ ಹುಣಸೆ ಗೊಜ್ಜಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಪಾಪ, ಅಡುಗೆಯವರ ತಪ್ಪೇನಿಲ್ಲ. ನನಗೆ ನೆನಪಾದದ್ದು ನಮ್ಮ ಲೇಔಟ್ ಯಜಮಾನ್ರು.

ಗೂಳೂರು ರಸ್ತೆಯಿಂದ ಒಳಗೆ ರಾಗಿ ಹೊಲ ಸಮ ಮಾಡಿಸಿ, ಕಲ್ಲು ನೆಡಿಸಿ ಸೈಟು ಮಾರಿದ ಮನುಷ್ಯ ಆತ. ತೊಂಬತ್ತರ ದಶಕದ ಮಾತು. ಅಷ್ಟು ದೂರ ಯಾರು ಮನೆ ಕಟ್ಟಿಯಾರು? ಅದಕ್ಕೇ ಒಂದು ಬಸ್ಸು ಬಿಟ್ಟಿದ್ದರು. ಬೆಳಿಗ್ಗೆ ತುಮಕೂರಿಗೆ, ಸಂಜೆ ವಾಪಸ್ಸು. ಭಾನುವಾರ ಅದಕ್ಕೆ ಮಾವಿನ ಸೊಪ್ಪು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ. ಸೈಟು ನೋಡುವವರನ್ನು ಪುಕ್ಕಟೆ ಕರೆತಂದು, ಕೈಗೊಂದು ಪುಳಿಯೋಗರೆ ಪೊಟ್ಟಣ ಕೊಟ್ಟು, "ಬಸ್ಸು ಮನೆ ಬಾಗ್ಲಿಗೇ ಬತ್ತದೆ, ಇನ್ನೇನ್ ಬೇಕು ಸ್ವಾಮಿ?" ಎನ್ನುತ್ತಿದ್ದರು. ಅಬ್ಬಾ, ಆ ಬಾಯಿ!

ಆ ಬಸ್ಸನ್ನು ನಂಬಿಯೇ ಅಪ್ಪ ಅಲ್ಲಿ ಮನೆ ಕಟ್ಟಿದ್ದು. ಅಕ್ಕ ಅದರಲ್ಲೇ ಡಿಗ್ರಿ ಕಾಲೇಜಿಗೆ ಹೋಗುತ್ತಿದ್ದಳು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ಲೆಕ್ಚರರ್ ಆಗಬೇಕೆಂದು ಅವಳ ಹಟ.

ನಮ್ಮವರ ದಡ್ಡತನ ಕೇಳಿ. ಭಾನುವಾರ ಬಂದವರಿಗೆ ಲೇಔಟಿನವರೇ ಮಜ್ಜಿಗೆ ಕೊಟ್ಟು ಬಸ್ಸನ್ನು ಹೊಗಳುತ್ತಿದ್ದರು. ಮನೆಗಳು ಹೆಚ್ಚಾದರೆ ಬಸ್ಸುಗಳೂ ಹೆಚ್ಚುತ್ತವೆ ಎಂದು ಎಲ್ಲರ ನಂಬಿಕೆ. ಉಳಿದಿದ್ದ ಕೊನೆಯ ಮೂಲೆ ಸೈಟನ್ನು ಊರ್ಡಿಗೆರೆಯ ಚಿಕ್ಕಪ್ಪನಿಗೆ ಕೊಡಿಸಿದ್ದು ಬೇರೆ ಯಾರೂ ಅಲ್ಲ, ನಮ್ಮಪ್ಪ! ರಿಜಿಸ್ಟ್ರೇಷನ್ ಆದ ದಿನ ಮನೆಯಲ್ಲಿ ಹೋಳಿಗೆ ಊಟ. ಮುಂದಿನ ಸೋಮವಾರ ಬಸ್ಸು ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ...

ಅಪ್ಪ ಕೇಳಲು ಹೋದರು, ನಾನೂ ಜೊತೆಗಿದ್ದೆ. ಯಜಮಾನ್ರು ಎಲೆ ಅಡಿಕೆ ಜಗಿಯುತ್ತ, "ನಿಮ್ಗೆ ಮಾರಿದ್ದು ಸೈಟ್ ತಾನೆ ಸ್ವಾಮಿ? ಬಸ್ ಮಾರಿದ್ನಾ? ಸೈಟೆಲ್ಲ ಖಾಲಿ ಆಯ್ತು, ಅದ್ರ ಕೆಲ್ಸ ಮುಗೀತು ಬುಡಿ" ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಥೂ, ನಾಚಿಕೆಗೆಟ್ಟ ಮನುಷ್ಯ. ಅಪ್ಪ ತಲೆ ತಗ್ಗಿಸಿಕೊಂಡು ಬಂದರು.

ಅಕ್ಕ ಮಾತ್ರ ದಿನಾ ಬೆಳಿಗ್ಗೆ ಬ್ಯಾಗು ತಗಲಿಸಿಕೊಂಡು ಸ್ಟಾಪಿನಲ್ಲಿ ನಿಲ್ಲುತ್ತಿದ್ದಳು, ಇವತ್ತಾದರೂ ಬಂದೀತೆಂದು. ಆಮೇಲೆ ದೊಡ್ಡ ರಸ್ತೆಯವರೆಗೆ ನಡೆದಳು. ಒಂದು ಸಂಜೆ ಹೊಲದ ದಾರಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹಿಂದೆ ಬಿದ್ದರು. ಓಡಿಬಂದವಳಿಗೆ ಏದುಸಿರು. ಅಪ್ಪ, "ಓದಿದ್ದು ಸಾಕು ಕಣವ್ವ" ಎಂದುಬಿಟ್ಟರು. ಫೈನಲ್ ಇಯರ್ ಪರೀಕ್ಷೆಗೆ ಮೊದಲೇ ಕುಣಿಗಲ್‌ಗೆ ಮದುವೆ ಮಾಡಿ ಕೊಟ್ಟರು. ಅಳುತ್ತಲೇ ಹೋದಳು...

ಹೋದ ತಿಂಗಳು ಯಜಮಾನ್ರು ತೀರಿಕೊಂಡರು. ಈಗ ತುಮಕೂರೇ ನಮ್ಮ ಲೇಔಟ್ ದಾಟಿ ಬೆಳೆದಿದೆ, ಬಸ್ಸುಗಳಿಗೆ ಬರವಿಲ್ಲ. ಲೇಔಟ್ ನಿವಾಸಿಗಳ ಸಂಘದವರು ಬಂದು, ನಮ್ಮ ಬಸ್ ಸ್ಟಾಪಿಗೆ ಯಜಮಾನ್ರ ಹೆಸರಿಡೋಣ ಎಂದರು. ಆಗೋದಿಲ್ಲ ಎಂದೆ. "ಸತ್ತೋರ ಮೇಲೆ ಯಾಕ್ ಸಾರ್ ದ್ವೇಷ?" ಎಂದರು. ದ್ವೇಷವೇ, ಇರಲಿ. ಅವರು ಸತ್ತರೆಂದು ನಾನೇಕೆ ಮರೆಯಬೇಕು?

ರಾತ್ರಿ ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ನಕ್ಕಳು.

"ನನ್ ಹೆಸ್ರು ಇಡಕ್ಕೇಳೋ. ಆ ಸ್ಟಾಪ್‌ನಲ್ಲಿ ನನ್ನಷ್ಟು ಕಾದೋರು ಇನ್ಯಾರವ್ರೆ?"